ದೀಪಧಾರಿಣಿಯ ಲೆಕ್ಕದ ಪುಸ್ತಕ

ಫ್ಲಾರೆನ್ಸ್ ನೈಟಿಂಗೇಲ್ ಎಂಬ ಹೆಸರನ್ನು ಕೇಳದವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಾರರು. ಕೈಯಲ್ಲಿ ದೀಪ, ತಲೆಗೆ ಬಿಳಿಯ ವಸ್ತ್ರ, ಎರಡೂ ಕಡೆ ಸಾಲಾಗಿ ಮಲಗಿದ ಗಾಯಾಳು ಸೈನಿಕರು. ಪಾಠಪುಸ್ತಕದ ಈ ಚಿತ್ರವನ್ನು ನಾನೂ ನೋಡಿ, ಪರೀಕ್ಷೆಯಲ್ಲಿ ಹತ್ತು ಸಾಲು ಬರೆದು, ಮರೆತುಬಿಟ್ಟಿದ್ದೆ. ಈ ವರ್ಷ ಸಂಖ್ಯಾಶಾಸ್ತ್ರದ ತರಗತಿಯಲ್ಲಿ ನಮ್ಮ ಅಧ್ಯಾಪಕರು ಕರಿಹಲಗೆಯ ಮೇಲೆ ಹೂವಿನ ಎಸಳುಗಳಂತೆ ಹರಡಿದ ಒಂದು ಚಿತ್ರವನ್ನು ಬರೆದು, ಇದನ್ನು ರಚಿಸಿದವಳು ಅದೇ ನೈಟಿಂಗೇಲ್ ಎಂದು ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ.

ನಂಬಿಕೆ ಬಾರದುದಕ್ಕೆ ಮನೆಯಲ್ಲಿಯೇ ಒಂದು ಕಾರಣವಿತ್ತು. ನನ್ನ ಅಕ್ಕ ದಾದಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹತ್ತಿಸಿದ್ದು ಅವಳ ಸಂಬಳ. ಆದರೂ ಅವಳ ಕೆಲಸವೆಂದರೆ ಕರುಣೆ, ತಾಳ್ಮೆಗಳ ಕೆಲಸ, ಬುದ್ಧಿಯ ಕೆಲಸವೇನಿದ್ದರೂ ಡಾಕ್ಟರರದು ಎಂದೇ ನಾನು ಎಣಿಸಿದ್ದೆ. ಹಾಗೆ ಎಣಿಸಿದ್ದೆನೆಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಆ ದಿನವೇ ಗ್ರಂಥಾಲಯಕ್ಕೆ ಹೋಗಿ ಆಕೆಯ ಚರಿತ್ರೆಯನ್ನು ಓದತೊಡಗಿದೆ.

ಆಕೆ ಹುಟ್ಟಿದ್ದು ೧೮೨೦ರ ಮೇ ೧೨ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ತಂದೆತಾಯಿಗಳು ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಇಂಗ್ಲೆಂಡಿನಲ್ಲಿ ಎರಡು ಕಡೆ ದೊಡ್ಡ ಮನೆಗಳಿದ್ದ ಶ್ರೀಮಂತ ಕುಟುಂಬ ಅದು. ತಂದೆ ವಿಲಿಯಂ ನೈಟಿಂಗೇಲ್ ತನ್ನ ಇಬ್ಬರು ಹೆಣ್ಣುಮಕ್ಕಳಿಗೂ ಗ್ರೀಕ್, ಲ್ಯಾಟಿನ್, ಚರಿತ್ರೆಗಳನ್ನು ತಾನೇ ಕಲಿಸಿದನು. ಕಿರಿಯಳಿಗೆ ಗಣಿತದ ಹುಚ್ಚು ಹತ್ತಿತು. ೧೮೩೭ರಲ್ಲಿ, ಇನ್ನೂ ಹದಿನಾರರ ಪ್ರಾಯದಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂಬ ಅನುಭವ ಆಕೆಗಾಯಿತು. ಯಾವ ಸೇವೆ ಎಂಬುದು ಸ್ಪಷ್ಟವಾಗಲು ವರ್ಷಗಳೇ ಹಿಡಿದವು. ಸ್ಪಷ್ಟವಾದಾಗ ಮನೆಯಲ್ಲಿ ಕೋಲಾಹಲವೆದ್ದಿತು.

ಆ ಕಾಲದ ಇಂಗ್ಲೆಂಡಿನಲ್ಲಿ ದಾದಿಯೆಂದರೆ ಬೇರೆ ಗತಿಯಿಲ್ಲದ ಬಡ ಹೆಂಗಸು, ಹೆಂಡ ಕುಡಿಯುವವಳು ಎಂದು ಜನರ ಭಾವನೆ. ೧೮೪೫ರಲ್ಲಿ ಸಾಲ್ಸ್‌ಬರಿಯ ಆಸ್ಪತ್ರೆಯಲ್ಲಿ ಕೆಲಸ ಕಲಿಯುತ್ತೇನೆಂದು ಮಗಳು ಕೇಳಿದಾಗ ಹೆತ್ತವರು ಖಂಡಿತವಾಗಿ ನಿರಾಕರಿಸಿದರು. ತನ್ನ ಕೈಹಿಡಿಯಲು ವರ್ಷಗಟ್ಟಲೆ ಕಾದಿದ್ದ ರಿಚರ್ಡ್ ಮಾಂಕ್ಟನ್ ಮಿಲ್ನ್ಸ್ ಎಂಬ ಗುಣವಂತನನ್ನು ಆಕೆ ಒಲ್ಲೆನೆಂದು ಕಳುಹಿಸಿದಳು. ಇದನ್ನು ಓದುವಾಗ ನನಗೆ ನಮ್ಮ ಮನೆಯ ಪಡಸಾಲೆ ನೆನಪಾಯಿತು. ಅಕ್ಕನನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು, ರಾತ್ರಿ ಪಾಳಿಯ ವಿಷಯ ವಿಚಾರಿಸಿ, ಊರಿಗೆ ಹೋಗಿ ತಿಳಿಸುತ್ತೇವೆಂದು ಎದ್ದು ಹೋದದ್ದನ್ನು ನಾನು ಮೂರು ಸಲ ಕಂಡಿದ್ದೇನೆ. ನೈಟಿಂಗೇಲಳ ಕಾಲಕ್ಕೂ ನಮ್ಮ ಕಾಲಕ್ಕೂ ನಡುವೆ ಇಷ್ಟು ವರ್ಷಗಳು ಕಳೆದಿವೆಯೆಂದು ಆಗ ಅನ್ನಿಸಿರಲಿಲ್ಲ.

ಕೊನೆಗೆ ೧೮೫೧ರಲ್ಲಿ ಜರ್ಮನಿಯ ಕೈಸರ್ಸ್‌ವರ್ತಿನಲ್ಲಿ ಮೂರು ತಿಂಗಳ ಶಿಕ್ಷಣ ದೊರೆಯಿತು. ೧೮೫೩ರಲ್ಲಿ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಗೆ ಮೇಲ್ವಿಚಾರಕಿಯಾದಳು. ಮರುವರ್ಷ ಯುದ್ಧ ಬಂದಿತು. ಬ್ರಿಟಿಷರೂ ಫ್ರೆಂಚರೂ ತುರ್ಕಿಯ ಪರವಾಗಿ ನಿಂತು ಕ್ರಿಮಿಯದಲ್ಲಿ ರಷ್ಯದೊಡನೆ ಹೋರಾಡುತ್ತಿದ್ದರು. ಗಾಯಾಳುಗಳ ದುರವಸ್ಥೆಯನ್ನು ಪತ್ರಿಕೆಗಳು ಬಯಲಿಗೆಳೆದಾಗ ಮಂತ್ರಿ ಸಿಡ್ನಿ ಹರ್ಬರ್ಟ್ ತನ್ನ ಸ್ನೇಹಿತೆಯಾದ ಈಕೆಯನ್ನು ಕೇಳಿಕೊಂಡನು. ೩೮ ಮಂದಿ ದಾದಿಯರೊಡನೆ ಹೊರಟು, ೧೮೫೪ರ ನವೆಂಬರ್ ೪ರಂದು ಆಕೆ ಕಾನ್‌ಸ್ಟಾಂಟಿನೋಪಲ್ಲಿನ ಎದುರು ದಡದಲ್ಲಿದ್ದ ಸ್ಕುಟಾರಿಯ ದಂಡಿನ ಆಸ್ಪತ್ರೆಯನ್ನು ಸೇರಿದಳು.

ಅಲ್ಲಿಂದ ಮುಂದಿನದು ನಾವೆಲ್ಲ ಓದಿದ ಕಥೆ. ಮೊದಮೊದಲು ವೈದ್ಯರು ಅವರನ್ನು ಹತ್ತಿರ ಸೇರಿಸಲಿಲ್ಲ. ಆಕೆ ಅಂಗಿ, ಹಾಸಿಗೆಗಳನ್ನು ತರಿಸಿದಳು. ಅಡುಗೆಮನೆ, ಬಟ್ಟೆ ಒಗೆಯುವ ವ್ಯವಸ್ಥೆಗಳನ್ನು ಮಾಡಿಸಿದಳು. ರಾತ್ರಿ ತುರ್ಕಿಯ ಮಡಿಸುವ ಲಾಂದ್ರವೊಂದನ್ನು ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋದಳು. ಪಾಠಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ಆಕೆ ಬಂದ ಮೇಲೆ ಆ ಚಳಿಗಾಲದಲ್ಲಿ ಸಾವು ಇಳಿಯಲಿಲ್ಲ, ಏರಿತು ಎಂಬುದನ್ನು ಅದು ಹೇಳುವುದಿಲ್ಲ. ೧೮೫೫ರ ಫೆಬ್ರವರಿಯಲ್ಲಿ ಸ್ಕುಟಾರಿಯಲ್ಲಿ ಚಿಕಿತ್ಸೆಗೆ ಬಂದ ನೂರು ಮಂದಿಯಲ್ಲಿ ೪೨ ಮಂದಿ ಸತ್ತರು.

ರಜೆಯಲ್ಲಿ ಊರಿಗೆ ಹೋದಾಗ ಇದನ್ನು ಅಕ್ಕನಿಗೆ ಹೇಳಿದೆ. ಅಷ್ಟು ಆರೈಕೆಯಿದ್ದೂ ಏಕೆ ಸತ್ತರೆಂದು ಒಗಟಿನಂತೆ ಕೇಳುವುದು ನನ್ನ ಉದ್ದೇಶವಾಗಿತ್ತು. ಕೇಳುವ ಮೊದಲೇ ಅವಳು, ಕಕ್ಕಸಿನ ನೀರು ಎಲ್ಲಿಗೆ ಹರಿಯುತ್ತಿತ್ತೆಂದು ನನ್ನನ್ನೇ ಕೇಳಿದಳು.

ಕಾರಣ ಅದೇ ಆಗಿತ್ತು. ಆ ಭಾರಿ ಕಟ್ಟಡದ ಅಡಿಯಲ್ಲಿಯೇ ಚರಂಡಿಗಳು ಕಟ್ಟಿಕೊಂಡು ಕೊಳೆಯುತ್ತಿದ್ದವು. ಕುಡಿಯುವ ನೀರಿನ ಕಾಲುವೆಯಲ್ಲಿ ಸತ್ತ ಕುದುರೆ ಬಿದ್ದಿತ್ತು. ೧೮೫೫ರ ಮಾರ್ಚಿಯಲ್ಲಿ ಸದರ್ಲೆಂಡ್, ರಾಲಿನ್‌ಸನ್ ಮೊದಲಾದವರ ನೈರ್ಮಲ್ಯ ಆಯೋಗ ಬಂದು ಚರಂಡಿಗಳನ್ನು ತೊಳೆಸಿತು, ಗೋಡೆಗಳಿಗೆ ಸುಣ್ಣ ಬಳಿಸಿತು, ಗಾಳಿಯಾಡುವಂತೆ ಮಾಡಿತು. ಜೂನ್ ತಿಂಗಳ ಹೊತ್ತಿಗೆ ಸಾವು ನೂರಕ್ಕೆ ೨ಕ್ಕೆ ಇಳಿಯಿತು.

ಯುದ್ಧ ಮುಗಿದು ೧೮೫೬ರ ಆಗಸ್ಟಿನಲ್ಲಿ, ಮೆರವಣಿಗೆ ಸನ್ಮಾನಗಳಿಂದ ತಪ್ಪಿಸಿಕೊಳ್ಳಲು ಸುಳ್ಳು ಹೆಸರಿನಲ್ಲಿ ಪ್ರಯಾಣಮಾಡಿ, ಆಕೆ ಮನೆ ಸೇರಿದಳು. ಹಸಿವಿನಿಂದಲೂ ದಣಿವಿನಿಂದಲೂ ಅರೆಜೀವವಾಗಿ ಬಂದುದರಿಂದಲೇ ಸೈನಿಕರು ಸತ್ತರೆಂದು ಆಕೆ ಆಗ ನಂಬಿದ್ದಳು. ಲೆಕ್ಕಗಳನ್ನು ಒಟ್ಟುಗೂಡಿಸಲು ಆಕೆಗೆ ನೆರವಾದವನು ವಿಲಿಯಂ ಫಾರ್. ಬಡ ಕೂಲಿಕಾರನ ಮನೆಯಲ್ಲಿ ಹುಟ್ಟಿ, ಪರರ ನೆರವಿನಿಂದ ಓದಿ, ಇಂಗ್ಲೆಂಡಿನ ಜನನ ಮರಣಗಳ ಲೆಕ್ಕವನ್ನು ಶಾಸ್ತ್ರವಾಗಿ ಮಾಡಿದವನು. (ಇಂಥವರ ಹೆಸರು ಬಂದಾಗ ನಾನು ಒಂದು ಕ್ಷಣ ನಿಂತು ಓದುತ್ತೇನೆ.) ತಿಂಗಳು ತಿಂಗಳಿನ ಅಂಕಿಗಳನ್ನು ಜೋಡಿಸಿದಾಗ ಕಂಡುದೇನೆಂದರೆ, ಯುದ್ಧಭೂಮಿಯ ಹತ್ತಿರದ ಡೇರೆ ಆಸ್ಪತ್ರೆಗಳಿಗಿಂತ ತಾನು ಹಗಲಿರುಳು ದುಡಿದ ಸ್ಕುಟಾರಿಯಲ್ಲಿಯೇ ಹೆಚ್ಚು ಜನ ಸತ್ತಿದ್ದರು. ಆಸ್ಪತ್ರೆಯೇ ಅವರನ್ನು ಕೊಂದಿತ್ತು.

ಇಂಥ ಸತ್ಯ ಎದುರಾದಾಗ ಇಡೀ ದೇಶ ಪೂಜಿಸುತ್ತಿದ್ದ ವ್ಯಕ್ತಿಗೆ ಸುಮ್ಮನಿರುವುದು ಬಲು ಸುಲಭವಾಗಿತ್ತು. ಅಧಿಕಾರಿಗಳಿಗೂ ಅದೇ ಬೇಕಾಗಿತ್ತು. ಆಕೆ ಮಾಡಿದ್ದು ಬೇರೆ. ೧೮೫೮ರಲ್ಲಿ ಎಲ್ಲ ಅಂಕಿಗಳನ್ನೂ ಸೇರಿಸಿ ದೊಡ್ಡದೊಂದು ವರದಿಯನ್ನು ಸ್ವಂತವಾಗಿ ಅಚ್ಚುಮಾಡಿಸಿ ಗಣ್ಯರಿಗೆ ಕಳುಹಿಸಿದಳು. ನಮ್ಮ ಅಧ್ಯಾಪಕರು ಬರೆದು ತೋರಿಸಿದ ಚಿತ್ರ ಆ ಕಾಲದ್ದೇ. ಹನ್ನೆರಡು ತಿಂಗಳಿಗೆ ಹನ್ನೆರಡು ಎಸಳು. ಸಾವು ಹೆಚ್ಚಾದಷ್ಟೂ ಎಸಳಿನ ವಿಸ್ತಾರ ಹೆಚ್ಚು. ತಡೆಯಬಹುದಾಗಿದ್ದ ರೋಗಗಳಿಗೆ ನೀಲಿ, ಗಾಯಗಳಿಗೆ ಕೆಂಪು, ಉಳಿದ ಕಾರಣಗಳಿಗೆ ಕಪ್ಪು. ೧೮೫೫ರ ಜನವರಿ ಒಂದೇ ತಿಂಗಳಲ್ಲಿ ಆ ಸೇನೆಯಲ್ಲಿ ಗಾಯದಿಂದ ಸತ್ತವರು ೮೩. ಇಂಥ ರೋಗಗಳಿಂದ ಸತ್ತವರು ೨,೭೬೧. ನೀಲಿಯ ನಡುವೆ ಕೆಂಪನ್ನು ಹುಡುಕಬೇಕು. ಅಂಕಿಗಳ ಪಟ್ಟಿಯನ್ನು ಓದುವ ತಾಳ್ಮೆ ಮಂತ್ರಿಗಳಿಗೆ ಇರುವುದಿಲ್ಲವೆಂಬುದು ಆಕೆಗೆ ಗೊತ್ತಿತ್ತೆಂದು ತೋರುತ್ತದೆ. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ಸದಸ್ಯೆಯನ್ನಾಗಿ ಆರಿಸಿತು. ಹೆಂಗಸೊಬ್ಬಳು ಅಲ್ಲಿ ಸದಸ್ಯೆಯಾದದ್ದು ಅದೇ ಮೊದಲು.

೧೮೬೦ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣಶಾಲೆ ತೆರೆದುದು ಎಲ್ಲರಿಗೂ ತಿಳಿದ ವಿಷಯ. ಆ ಹೊತ್ತಿಗೆ ಆಕೆ ಕ್ರಿಮಿಯದಲ್ಲಿ ತಗಲಿದ ಜ್ವರದ ಫಲವಾಗಿ ಹಾಸಿಗೆ ಹಿಡಿದಿದ್ದಳು. ಮುಂದಿನ ದಶಕಗಳ ಕೆಲಸವೆಲ್ಲ ಬಹುಮಟ್ಟಿಗೆ ಹಾಸಿಗೆಯಿಂದಲೇ ನಡೆಯಿತು. ಭಾರತಕ್ಕೆ ಒಮ್ಮೆಯೂ ಬಾರದೆ, ಇಲ್ಲಿಯ ದಂಡಿನ ಠಾಣೆಗಳಿಗೆಲ್ಲ ಪ್ರಶ್ನಾವಳಿಗಳನ್ನು ಕಳುಹಿಸಿ ಉತ್ತರ ತರಿಸಿಕೊಂಡಳು. ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ ೬೯ ಮಂದಿ ಸಾಯುತ್ತಿದ್ದರೆಂದು ೧೮೬೩ರಲ್ಲಿ ಬಯಲಾಯಿತು. ಬೆಂಗಳೂರಿನ ದಂಡಿನ ಪೇಟೆಯ ಹೊಲಸು ಹರಿದು ಸೇರುತ್ತಿದ್ದ ಹಲಸೂರು ಕೆರೆಯ ನೀರನ್ನೇ ಕುಡಿಯುತ್ತಿದ್ದುದನ್ನು ಆಕೆ ಲಂಡನ್ನಿನಲ್ಲಿ ಕುಳಿತು ಬರೆದಿದ್ದಾಳೆ! ಸೈನಿಕರಿಂದ ಆಕೆಯ ದೃಷ್ಟಿ ಕ್ರಮೇಣ ರೈತರ ಕಡೆಗೆ ತಿರುಗಿತು. ನಮ್ಮ ಹಿರಿಯರ ಬಾಯಲ್ಲಿ ಉಳಿದು ಬಂದಿರುವ ಧಾತು ಈಶ್ವರ ಸಂವತ್ಸರಗಳ ಬರಗಾಲದ ಕಾಲಕ್ಕೆ ಆಕೆ ನೀರಾವರಿ, ಸಾಲ, ಕಂದಾಯಗಳನ್ನು ಕುರಿತು ಬರೆಯುತ್ತಿದ್ದಳು.

ಆಕೆಯಲ್ಲಿ ದೋಷಗಳಿರಲಿಲ್ಲವೆಂದಲ್ಲ. ರೋಗ ಹರಡುವುದು ಕೆಟ್ಟ ಗಾಳಿಯಿಂದ ಎಂಬ ಹಳೆಯ ನಂಬಿಕೆಯನ್ನು ಬಹುಕಾಲ ಬಿಡಲಿಲ್ಲ. ರೋಗಾಣುಗಳ ಸಿದ್ಧಾಂತವನ್ನು ತಡವಾಗಿ ಒಪ್ಪಿದಳು. ಜೊತೆಯವರನ್ನು ದುಡಿಸುವುದರಲ್ಲಿ ದಯೆ ತೋರಲಿಲ್ಲ. ಕರುಣಾಮಯಿಯ ಚಿತ್ರಕ್ಕಿಂತ ಈ ಹಟಮಾರಿ ಹೆಂಗಸೇ ನನಗೆ ಹೆಚ್ಚು ಹತ್ತಿರವಾಗಿದ್ದಾಳೆ. ನಮ್ಮ ಅಕ್ಕನೂ ವಾರ್ಡಿನಲ್ಲಿ ಬಕೆಟ್ಟು ತೊಳೆದಿಲ್ಲವೆಂದರೆ ಯಾರ ಮುಖವನ್ನೂ ನೋಡುವವಳಲ್ಲ.

ಕೊನೆಗಾಲದಲ್ಲಿ ಕಣ್ಣು ಕಾಣದಾಯಿತು. ೧೯೦೭ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ಗೌರವ ಮೊಟ್ಟಮೊದಲು ಒಬ್ಬ ಹೆಂಗಸಿಗೆ ಸಂದಾಗ, ಪಡೆದವಳು ಈಕೆ. ೧೯೧೦ರ ಆಗಸ್ಟ್ ೧೩ರಂದು, ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ರಾಜರೂ ಕವಿಗಳೂ ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿಮಾಡಬಹುದೆಂದಾಗ ಮನೆಯವರು ಬೇಡವೆಂದರು. ಹ್ಯಾಂಪ್‌ಷೈರಿನ ಈಸ್ಟ್ ವೆಲೋ ಎಂಬ ಹಳ್ಳಿಯ ಇಗರ್ಜಿಯ ಅಂಗಳದಲ್ಲಿ, ತಂದೆತಾಯಿಗಳ ಬಳಿಯಲ್ಲಿ ಆಕೆಯನ್ನು ಮಣ್ಣು ಮಾಡಿದರು. ಕಲ್ಲಿನ ಮೇಲೆ ಪೂರ್ತಿ ಹೆಸರು ಕೂಡ ಇಲ್ಲ. ಎರಡು ಅಕ್ಷರಗಳು, ಹುಟ್ಟಿದ ದಿನ, ಸತ್ತ ದಿನ, ಅಷ್ಟೇ.