ನೆನಪನ್ನು ಕೂಡಿಟ್ಟ ಕಿಟೆಲ್

ಪೀಣ್ಯದ ಕಾರ್ಖಾನೆಯೊಂದರಲ್ಲಿ ಟ್ರೈನಿಯಾಗಿರುವ ನಾನು ಧಾರವಾಡ ಕಡೆಯ ಕ್ರೈಸ್ತ ಕುಟುಂಬದವನು. ನನ್ನ ಹೆಸರು ಕೇಳಿದವರು, ಕನ್ನಡ ಇಷ್ಟು ಚೆನ್ನಾಗಿ ಹೇಗೆ ಬರುತ್ತದೆ ಎಂದು ಅಚ್ಚರಿಪಡುತ್ತಾರೆ. ಮನೆಮಾತೇ ಕನ್ನಡ ಎಂದರೆ ಮತ್ತೂ ಅಚ್ಚರಿ. ಆಗೆಲ್ಲ ನನಗೆ ನೆನಪಾಗುವುದು ಫರ್ಡಿನೆಂಡ್ ಕಿಟೆಲ್.

1832ರಲ್ಲಿ ಉತ್ತರ ಜರ್ಮನಿಯಲ್ಲಿ ಹುಟ್ಟಿದ ಕಿಟೆಲ್, ಬಾಸೆಲ್ ಮಿಶನ್‌ನ ಪಾದ್ರಿಯಾಗಿ 1853ರಲ್ಲಿ ಇಲ್ಲಿಗೆ ಬಂದರು. ಆಗ ಅವರಿಗೆ 21 ವರ್ಷ, ಅಂದರೆ ನಮ್ಮಲ್ಲಿ ಹಲವರು ಡಿಗ್ರಿ ಮುಗಿಸುವ ವಯಸ್ಸು. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿದ್ದು ಕನ್ನಡ ಕಲಿತರು. ಬೋಧಿಸಲು ಬಂದವರು ಇಲ್ಲಿನ ಕಾವ್ಯಕ್ಕೆ ವಿದ್ಯಾರ್ಥಿಯಾದರು. 1862ರಲ್ಲಿ ಯೇಸುವಿನ ಬದುಕನ್ನು ಕನ್ನಡದ ಛಂದಸ್ಸಿನಲ್ಲೇ ಹಾಡಿ ‘ಕಥಾಮಾಲೆ’ ಬರೆದರು. ಕೇಶಿರಾಜನ ‘ಶಬ್ದಮಣಿದರ್ಪಣ’ ಮತ್ತು ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು.

ಅವರ ದೊಡ್ಡ ಕೆಲಸ ನಿಘಂಟು. 1877ರಲ್ಲಿ ಜರ್ಮನಿಗೆ ಮರಳಿದವರು, ಅದನ್ನು ಪೂರ್ತಿ ಮಾಡಲೆಂದೇ 1883ರಲ್ಲಿ, 51ನೇ ವಯಸ್ಸಿನಲ್ಲಿ, ಮತ್ತೆ ಬಂದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂತು. ಹಳೆಯ ಕವಿಗಳ ಪ್ರಯೋಗಗಳ ಜೊತೆಗೆ ಜನರ ಬಾಯಲ್ಲಿದ್ದ ಗಾದೆಗಳಿಗೂ ಅದರಲ್ಲಿ ಜಾಗ ಸಿಕ್ಕಿತು. ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷ ಅವರು ತೀರಿಕೊಂಡರು.

ಕ್ರೈಸ್ತರ ಆರಾಧನೆಯ ನಡುವೆ ಇರುವುದೂ ಒಂದು ನೆನಪೇ. ರೊಟ್ಟಿ ಮುರಿದು, ದ್ರಾಕ್ಷಾರಸ ಹಂಚಿಕೊಂಡು ನಾವು ಯೇಸುವಿನ ಕೊನೆಯ ಊಟವನ್ನು ಸ್ಮರಿಸುತ್ತೇವೆ. ಆ ಸ್ಮರಣೆ ನನಗೆ ಬಂದದ್ದು ಅಜ್ಜಿಯ ಕನ್ನಡ ಪ್ರಾರ್ಥನೆಯಿಂದ. ಅದರಿಂದ ಕನ್ನಡವನ್ನು ತೆಗೆದುಬಿಟ್ಟರೆ ನನ್ನ ನಂಬಿಕೆಗೆ ದನಿಯೇ ಇರುವುದಿಲ್ಲ. ನಂಬಿಕೆಯ ನೆನಪು, ನುಡಿಯ ನೆನಪು ಎರಡೂ ಒಂದೇ ಎದೆಯಲ್ಲಿ ಇರಬಲ್ಲವು ಎಂಬುದಕ್ಕೆ ಕಿಟೆಲ್ ಬದುಕೇ ಸಾಕ್ಷಿ.

ಎಂ.ಜಿ. ರಸ್ತೆಯ ಮೇಯೋ ಹಾಲ್ ಬಳಿ ಅವರ ಪ್ರತಿಮೆಯಿದೆ. ಆ ಕಡೆ ಹೋದಾಗ ಒಂದು ನಿಮಿಷ ನಿಂತು ನೋಡಿ. ಕೆಲಸ ಹುಡುಕಿಕೊಂಡು ವೈಟ್‌ಫೀಲ್ಡ್‌ಗೋ ಎಲೆಕ್ಟ್ರಾನಿಕ್ ಸಿಟಿಗೋ ಬರುವ ನಾವು ಊರು ಬಿಡುತ್ತೇವೆ, ಬಾಡಿಗೆ ರೂಮು ಬದಲಿಸುತ್ತೇವೆ, ಕಂಪನಿಯ ಐಡಿ ಕಾರ್ಡೂ ಬದಲಾಗುತ್ತದೆ. ಮನೆಯಲ್ಲಿ ಕಲಿತ ಮಾತು, ಹಿರಿಯರು ಕೊಟ್ಟ ನಂಬಿಕೆ ಮಾತ್ರ ನಾವು ಕೈಬಿಡದ ಹೊರತು ನಮ್ಮ ಜೊತೆಗೇ ಇರುತ್ತವೆ. ಯಾವುದೋ ದೂರದ ನಾಡಿನವರು ನಮ್ಮ ಮಾತನ್ನು ಅಷ್ಟು ಜೋಪಾನವಾಗಿ ಕೂಡಿಟ್ಟರು. ನಮ್ಮದೇ ಮಾತನ್ನು ನಾವು ಮರೆಯುವುದು ಬೇಡ.