ವೀರಮಾರ್ತಂಡ ಚಾವುಂಡರಾಯ

ರಣಭೂಮಿಯಲ್ಲಿ ಕೀರ್ತಿ ಗಳಿಸಿದ ವೀರರು ಕನ್ನಡ ನಾಡಿನಲ್ಲಿ ಅನೇಕರಿದ್ದಾರೆ. ಗುಡಿ ಬಸದಿಗಳನ್ನು ಕಟ್ಟಿಸಿ ಪುಣ್ಯಭಾಜನರಾದವರೂ ಅನೇಕರಿದ್ದಾರೆ. ಈ ಎರಡರಲ್ಲಿಯೂ ಅಗ್ರಸ್ಥಾನವನ್ನು ಪಡೆದು, ಸಾವಿರ ವರ್ಷಗಳು ಕಳೆದರೂ ಜನಮನದಿಂದ ಮರೆಯಾಗದೆ ನಿಂತಿರುವ ಮಹಾಪುರುಷನೆಂದರೆ ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು.

ಈತನು ಬ್ರಹ್ಮಕ್ಷತ್ರ ಕುಲದಲ್ಲಿ ಜನಿಸಿದವನು. ತಾಯಿ ಕಾಳಲಾದೇವಿ. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಂಗವಾಡಿಯನ್ನು ಆಳಿದ ಮಾರಸಿಂಹನಿಗೂ, ಆತನ ತರುವಾಯ ಪಟ್ಟಕ್ಕೆ ಬಂದ ರಾಚಮಲ್ಲನಿಗೂ ಈತನು ಬಲಗೈಯಾಗಿದ್ದನು. ಅದು ಅತ್ಯಂತ ಕಠಿಣವಾದ ಕಾಲ. ಗಂಗರು ನೆಚ್ಚಿಕೊಂಡಿದ್ದ ರಾಷ್ಟ್ರಕೂಟ ಸಾಮ್ರಾಜ್ಯವು ಕ್ರಿ.ಶ. 973ರಲ್ಲಿ ಚಾಲುಕ್ಯ ತೈಲಪನ ಕೈಯಲ್ಲಿ ಕುಸಿಯಿತು. ಮಾರಸಿಂಹನು ರಾಜ್ಯವನ್ನು ತ್ಯಜಿಸಿ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವಿಧಿಯಿಂದ ದೇಹವನ್ನು ಬಿಟ್ಟನು. ಸುತ್ತಲೂ ಶತ್ರುಗಳು, ಮನೆಯೊಳಗೆ ದಾಯಾದಿ ಕಲಹ. ಇಂತಹ ಸಮಯದಲ್ಲಿ ಗಂಗರ ಸಿಂಹಾಸನವನ್ನು ಕಾಪಾಡಿದುದು ಚಾವುಂಡರಾಯನ ತೋಳ್ಬಲ ಮತ್ತು ಸ್ವಾಮಿನಿಷ್ಠೆ.

ಆತನ ಒಂದೊಂದು ಬಿರುದಿನ ಹಿಂದೆಯೂ ಒಂದೊಂದು ಯುದ್ಧವಿದೆ. ಖೇಡಗದ ಕಾಳಗದಲ್ಲಿ ವಜ್ವಲನನ್ನು ಗೆದ್ದು ಸಮರಧುರಂಧರನಾದನು. ಗೋನೂರಿನ ಬಯಲಿನಲ್ಲಿ ನೊಳಂಬರನ್ನು ಎದುರಿಸಿ ವೀರಮಾರ್ತಂಡನೆನಿಸಿದನು. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಹೋರಾಡಿ ರಣರಂಗಸಿಂಗನೆಂಬ ಹೆಸರನ್ನು ಪಡೆದನು. ಬಾಗೆಯೂರಿನ ಕೋಟೆಯಲ್ಲಿ ತ್ರಿಭುವನವೀರನನ್ನು ಸಂಹರಿಸಿ ವೈರಿಕುಲಕಾಲದಂಡನಾದನು.

ಇವೆಲ್ಲವುಗಳಿಗಿಂತ ಮನಸ್ಸನ್ನು ಕಲಕುವ ಬಿರುದು ಸಮರಪರಶುರಾಮ ಎಂಬುದು. ಆತನ ತಮ್ಮನಾದ ನಾಗವರ್ಮನನ್ನು ಮುದುರಾಚಯ್ಯನೆಂಬ ವೀರನು ಕೊಂದಿದ್ದನು. ತಂದೆಯ ಹತ್ಯೆಗಾಗಿ ಪರಶುರಾಮನು ಸೇಡು ತೀರಿಸಿಕೊಂಡಂತೆ ಚಾವುಂಡರಾಯನು ತಮ್ಮನ ಹತ್ಯೆಗಾಗಿ ಮುದುರಾಚಯ್ಯನನ್ನು ಯುದ್ಧದಲ್ಲಿ ಕೊಂದನು. ಗೆಲುವು ದೊರೆಯಿತು, ಬಿರುದೂ ದೊರೆಯಿತು. ಆದರೆ ತಮ್ಮನು ಮರಳಿ ಬರಲಿಲ್ಲ. ಮುಂದೆ ಆತನು ಯಾವ ಮಹಾಪುರುಷನ ಮೂರ್ತಿಯನ್ನು ಮಾಡಿಸಿದನೆಂಬುದನ್ನು ನೋಡುವಾಗ ಈ ಸಂಗತಿಯನ್ನು ಮರೆಯಲಾಗದು.

ಶಸ್ತ್ರದಂತೆ ಶಾಸ್ತ್ರದಲ್ಲಿಯೂ ಆತನು ನಿಪುಣನು. ಅಜಿತಸೇನಾಚಾರ್ಯರೂ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳೂ ಆತನ ಗುರುಗಳು. ಕ್ರಿ.ಶ. 978ರಲ್ಲಿ ಅರವತ್ತುಮೂರು ಶಲಾಕಾಪುರುಷರ ಚರಿತ್ರೆಯನ್ನು ಕನ್ನಡ ಗದ್ಯದಲ್ಲಿ ಬರೆದು ಮುಗಿಸಿದನು. ಚಾವುಂಡರಾಯ ಪುರಾಣವೆಂದು ಹೆಸರಾದ ಈ ಗ್ರಂಥವು ಕನ್ನಡದ ಪ್ರಾಚೀನ ಗದ್ಯಕೃತಿಗಳಲ್ಲಿ ಒಂದು. ನೇಮಿಚಂದ್ರರು ಗೊಮ್ಮಟಸಾರವನ್ನು ರಚಿಸಿದುದು ಈ ಶಿಷ್ಯನ ನಿಮಿತ್ತವಾಗಿ. ಗೊಮ್ಮಟ ಎಂಬುದು ಚಾವುಂಡರಾಯನದೇ ಮನೆಯ ಹೆಸರೆಂದೂ, ಆತನ ಆರಾಧ್ಯ ದೈವವಾದ್ದರಿಂದ ಬಾಹುಬಲಿಗೆ ಗೊಮ್ಮಟೇಶ್ವರನೆಂಬ ಹೆಸರು ಬಂದಿತೆಂದೂ ತೋರಿಸಿಕೊಟ್ಟವರು ನಮ್ಮ ಬೆಳಗಾವಿ ಸೀಮೆಯ ಸದಲಗಾ ಗ್ರಾಮದಲ್ಲಿ ಹುಟ್ಟಿದ ವಿದ್ವಾಂಸರಾದ ಡಾ. ಆ. ನೇ. ಉಪಾಧ್ಯೆಯವರು.

ಗೊಮ್ಮಟ ಮೂರ್ತಿಯು ಉದಯಿಸಿದ ಬಗೆಯನ್ನು ಪರಂಪರೆಯು ಹೀಗೆ ಹೇಳುತ್ತದೆ. ಪೌದನಪುರದಲ್ಲಿ ಭರತನು ಮಾಡಿಸಿದ ಬಾಹುಬಲಿಯ ಬಿಂಬವನ್ನು ದರ್ಶಿಸುವ ತನಕ ಹಾಲನ್ನು ಮುಟ್ಟುವುದಿಲ್ಲವೆಂದು ಕಾಳಲಾದೇವಿಯು ವ್ರತ ತೊಟ್ಟಳು. ಮಗನು ತಾಯಿಯನ್ನೂ ಗುರುಗಳನ್ನೂ ಕರೆದುಕೊಂಡು ಯಾತ್ರೆಗೆ ಹೊರಟನು. ಶ್ರವಣಬೆಳಗೊಳದಲ್ಲಿ ತಂಗಿದ ರಾತ್ರಿ, ಮುಂದಿನ ದಾರಿ ದುರ್ಗಮವೆಂದೂ, ಚಿಕ್ಕಬೆಟ್ಟದಿಂದ ಎದುರಿನ ದೊಡ್ಡಬೆಟ್ಟಕ್ಕೆ ಬಾಣ ಬಿಟ್ಟರೆ ಸ್ವಾಮಿಯು ಅಲ್ಲಿಯೇ ದರ್ಶನ ಕೊಡುವನೆಂದೂ ಸ್ವಪ್ನವಾಯಿತು. ಯುದ್ಧಗಳಲ್ಲಿ ಎಷ್ಟೋ ಎದೆಗಳನ್ನು ಸೀಳಿದ ಬಿಲ್ಲು ಅಂದು ದೇವಬಿಂಬವನ್ನು ಅರಸಿ ಬಾಣ ಬಿಟ್ಟಿತು.

ಮೂರ್ತಿಯ ಪ್ರತಿಷ್ಠೆಯು ಕ್ರಿ.ಶ. 981ರಲ್ಲಿ ನೆರವೇರಿತೆಂದು ಸಾಮಾನ್ಯವಾಗಿ ಎಣಿಸಲಾಗಿದೆ. ಎತ್ತರ ಸುಮಾರು 58 ಅಡಿ. ಬೇರೆಡೆ ಕಡೆದು ಮೇಲಕ್ಕೆ ಸಾಗಿಸಿದ ಕಲ್ಲು ಇದಲ್ಲ. ಬೆಟ್ಟದ ನೆತ್ತಿಯಲ್ಲಿದ್ದ ಬಂಡೆಯನ್ನೇ ಸ್ವಸ್ಥಾನದಲ್ಲಿ ಕಡೆದು ಮೂರ್ತಿಯನ್ನು ಬಿಡಿಸಿಕೊಳ್ಳಲಾಯಿತು. ತೊಡೆಗಳ ತನಕ ಹುತ್ತದ ರೂಪದ ಬಂಡೆಯ ಆಸರೆಯಿದೆ. ಅಲ್ಲಿಂದ ಮೇಲೆ ಯಾವ ಆಧಾರವೂ ಇಲ್ಲದೆ ಮೂರ್ತಿಯು ಉತ್ತರಾಭಿಮುಖವಾಗಿ ಬಯಲಿನಲ್ಲಿ ನಿಂತಿದೆ. ಹುತ್ತದಿಂದ ಹಾವುಗಳು ಹೊರಬಂದಿವೆ, ಮಾಧವಿ ಬಳ್ಳಿಯು ತೊಡೆ ತೋಳುಗಳನ್ನು ಸುತ್ತಿದೆ, ಮುಖದಲ್ಲಿ ಮಾತ್ರ ಮಂದಹಾಸ ಮಾಸಿಲ್ಲ. ಒಂದು ಏಟು ತಪ್ಪಿ ಬಿದ್ದರೂ ಬೇರೆ ಬಂಡೆಯನ್ನು ತಂದು ನಿಲ್ಲಿಸುವಂತಿರಲಿಲ್ಲ. ಅಂತಹ ಸಾಹಸದ ಕೆಲಸವದು. 1432ರ ಕಾರ್ಕಳದ ಮೂರ್ತಿ, 1604ರ ವೇಣೂರಿನ ಮೂರ್ತಿ, ಇತ್ತೀಚಿನ ಧರ್ಮಸ್ಥಳದ ಮೂರ್ತಿ, ಎಲ್ಲಕ್ಕೂ ಈ ಮೂರ್ತಿಯೇ ಮೇಲ್ಪಂಕ್ತಿ.

ಬಾಹುಬಲಿಯು ಯಾರು? ಅಣ್ಣನಾದ ಭರತನೊಡನೆ ದ್ವಂದ್ವಯುದ್ಧದಲ್ಲಿ ಗೆದ್ದು, ಗೆದ್ದ ಕ್ಷಣದಲ್ಲಿಯೇ ರಾಜ್ಯವನ್ನು ಅಣ್ಣನಿಗೆ ಬಿಟ್ಟು ತಪಸ್ಸಿಗೆ ನಡೆದವನು. ಚಕ್ರವರ್ತಿಗಳ ಕಥೆಗಳೂ ವಾಸುದೇವರ ಕಥೆಗಳೂ ಚಾವುಂಡರಾಯನಿಗೆ ಕರತಲಾಮಲಕವಾಗಿದ್ದವು. ಆದರೂ ತಮ್ಮನಿಗಾಗಿ ಸೇಡು ತೀರಿಸಿಕೊಂಡ ಆ ವೀರನು ಬೆಟ್ಟದ ಮೇಲೆ ನಿಲ್ಲಿಸಿದುದು ಸೇಡನ್ನೇ ತ್ಯಜಿಸಿದ ಸೋದರನನ್ನು.

ಪ್ರಥಮ ಅಭಿಷೇಕದ ಐತಿಹ್ಯವೂ ಪ್ರಸಿದ್ಧವಾದುದು. ಚಾವುಂಡರಾಯನು ಕೊಡಗಟ್ಟಲೆ ಹಾಲೆರೆದರೂ ಅದು ತೊಡೆಗಳಿಂದ ಕೆಳಗೆ ಇಳಿಯಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಸಿಪ್ಪೆಯಲ್ಲಿ ತಂದ ತುಸು ಹಾಲು ಪಾದಗಳನ್ನು ತೋಯಿಸಿ ಬೆಟ್ಟದ ಕೆಳಗೆ ಹರಿಯಿತು. ದಂಡನಾಯಕನ ಅಹಂಕಾರ ಕರಗಿತು. ಗುಳ್ಳಕಾಯಜ್ಜಿಯ ಮೂರ್ತಿಯು ಇಂದಿಗೂ ಸ್ವಾಮಿಯ ಎದುರಿನಲ್ಲಿ ನಿಂತಿದೆ.

ಎದುರಿನ ಚಿಕ್ಕಬೆಟ್ಟದಲ್ಲಿ ಚಾವುಂಡರಾಯ ಬಸದಿಯಿದೆ. ದ್ರಾವಿಡ ಶೈಲಿಯ ಈ ಬಸದಿಯು ಆ ಬೆಟ್ಟದ ಬಸದಿಗಳಲ್ಲಿ ಅತ್ಯಂತ ಸುಂದರವಾದುದೆಂದು ಬಲ್ಲವರು ಎಣಿಸುತ್ತಾರೆ. ಅದರ ಮೇಲಂತಸ್ತಿನಲ್ಲಿ ಆತನ ಮಗ ಜಿನದೇವಣನು ಪಾರ್ಶ್ವನಾಥ ಸ್ವಾಮಿಯನ್ನು ಪ್ರತಿಷ್ಠಾಪಿಸಿದನು. ತಂದೆಯ ಕಾರ್ಯವನ್ನು ಮಗನು ಮುಂದುವರಿಸಿದನು.

ಚಾವುಂಡರಾಯನಿಗೂ ನಮ್ಮ ಈ ಸೀಮೆಗೂ ಗಾಢವಾದ ಋಣಾನುಬಂಧವಿದೆ. ಜಂಬುಖಂಡಿ ಎಪ್ಪತ್ತರ ಮುದುವೊಳಲು, ಅಂದರೆ ಇಂದಿನ ಮುಧೋಳ. ಅಲ್ಲಿ ಕ್ರಿ.ಶ. 949ರಲ್ಲಿ ಬಳೆಗಾರರ ಮನೆಯಲ್ಲಿ ಜಿನವಲ್ಲಭ ಮತ್ತು ಅಬ್ಬಲಬ್ಬೆಯರಿಗೆ ಮಗನಾಗಿ ಹುಟ್ಟಿದ ರನ್ನನು ವಿದ್ಯೆಯನ್ನು ಅರಸಿ ದೂರದ ಗಂಗವಾಡಿಗೆ ಹೋದನು. ಬಳೆ ಮಾರುವ ಮನೆಯ ಹುಡುಗನಿಗೆ ಆಶ್ರಯ ನೀಡಿದವನು ಚಾವುಂಡರಾಯನು; ವಿದ್ಯೆಯನ್ನು ನೀಡಿದವರು ಅಜಿತಸೇನಾಚಾರ್ಯರು. ಮುಂದೆ ಕವಿಚಕ್ರವರ್ತಿಯಾದ ರನ್ನನು ಈ ಉಪಕಾರವನ್ನು ಮರೆಯಲಿಲ್ಲ. ತನ್ನ ಮಗನಿಗೆ ರಾಯನೆಂದೂ, ಅನಂತರದ ಆಶ್ರಯದಾತೆಯ ನೆನಪಿಗೆ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಕಲ್ಲಿನಲ್ಲಿ ಗೊಮ್ಮಟನನ್ನು ಕಂಡ ಕಣ್ಣು ಈ ಹುಡುಗನಲ್ಲಿ ಕವಿಯನ್ನು ಕಂಡಿತು.

ಚಾವುಂಡರಾಯನ ಯುದ್ಧಪರಾಕ್ರಮಗಳನ್ನು ದೊಡ್ಡಬೆಟ್ಟದ ತ್ಯಾಗದ ಬ್ರಹ್ಮದೇವರ ಕಂಬದಲ್ಲಿ ಕೆತ್ತಿಸಲಾಗಿತ್ತು. ಸುಮಾರು ಎರಡು ಶತಮಾನಗಳ ತರುವಾಯ ಹೆಗ್ಗಡೆ ಕಣ್ಣನೆಂಬವನು ತನ್ನ ಒಂದು ಚಿಕ್ಕ ಶಾಸನಕ್ಕಾಗಿ ಆ ಕಂಬದ ಮೂರು ಮುಖಗಳ ಬರಹವನ್ನು ಅಳಿಸಿಹಾಕಿದನು. ವಿಜಯಗಳ ಬರಹದಲ್ಲಿ ಉಳಿದುದು ಸ್ವಲ್ಪ ಮಾತ್ರ. ಆದರೆ ಗೊಮ್ಮಟ ಸ್ವಾಮಿಯ ಪಾದಗಳ ಪಕ್ಕದಲ್ಲಿ, ಇದನ್ನು ಮಾಡಿಸಿದವನು ಚಾವುಂಡರಾಜನೆಂಬ ಒಂದೇ ಸಾಲು ಕನ್ನಡ, ತಮಿಳು, ಮರಾಠಿ ಮೂರೂ ಭಾಷೆಗಳಲ್ಲಿ ಇಂದಿಗೂ ಅಳಿಯದೆ ನಿಂತಿದೆ. ಅಲ್ಲಿ ವೀರಮಾರ್ತಂಡನಿಲ್ಲ, ಸಮರಪರಶುರಾಮನೂ ಇಲ್ಲ. ಸ್ವಾಮಿಯ ಪಾದದ ಬಳಿ ಆತನು ಬಿರುದುಗಳನ್ನೆಲ್ಲ ಇಳಿಸಿ ಬರಿಯ ಹೆಸರಿನಿಂದ ನಿಂತನು.

ಗೆದ್ದ ಕೋಟೆಗಳು ಕುಸಿದವು, ಕಾಪಾಡಿದ ಸಿಂಹಾಸನವೂ ಆತನ ಕಾಲದ ಬಳಿಕ ಬಹುದಿನ ಬಾಳಲಿಲ್ಲ. ಧರ್ಮಕ್ಕಾಗಿ ವಿನಿಯೋಗಿಸಿದುದು ಮಾತ್ರ ಉಳಿಯಿತು. ಜಿನಾಲಯವನ್ನು ನಿರ್ಮಿಸುವ, ಜಿನಬಿಂಬವನ್ನು ಪ್ರತಿಷ್ಠಾಪಿಸುವ ಭವ್ಯಜನರಿಗೆ ಚಾವುಂಡರಾಯನ ಜೀವನವು ಎಂದೆಂದಿಗೂ ದಾರಿದೀಪವಾಗಿದೆ.