13ನೇ ಸುತ್ತಿನ ತನಕ ಉಳಿದ ದಮ್ಮು

ಎರಡೂ ಕೈಗಳನ್ನು ಗಲ್ಲದ ಮಟ್ಟಕ್ಕೆ ಎತ್ತಿ ಹಿಡಿದು ಮೂರು ನಿಮಿಷ ನಿಂತು ನೋಡಿ. ಯಾರೂ ನಿಮಗೆ ಹೊಡೆಯುತ್ತಿಲ್ಲ, ನೀವೂ ಯಾರಿಗೂ ಹೊಡೆಯುತ್ತಿಲ್ಲ. ಆದರೂ ಭುಜಗಳು ಉರಿಯತೊಡಗುತ್ತವೆ. ಹಿಂದೆ ಬಾಕ್ಸಿಂಗ್‌ನ ವಿಶ್ವ ಪ್ರಶಸ್ತಿಗಾಗಿ ಕಾದಾಡುವವರು ಇಂತಹ 15 ಸುತ್ತುಗಳಿಗೆ ಸಿದ್ಧರಾಗಿ ಬರಬೇಕಿತ್ತು. ಸುತ್ತು ಸುತ್ತಿನ ನಡುವೆ ಸಿಗುತ್ತಿದ್ದುದು ಒಂದೇ ನಿಮಿಷದ ಬಿಡುವು. ಆ ಕೊನೆಯ ಸುತ್ತುಗಳಲ್ಲಿ ಹೆಸರು ಮಾಡಿದವನು ಅಮೆರಿಕದ ರಾಕಿ ಮಾರ್ಸಿಯಾನೋ.

ಆತ ಹುಟ್ಟಿದ್ದು 1923ರ ಸೆಪ್ಟೆಂಬರ್ 1ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಕ್ಟನ್ ಎಂಬ ಊರಿನಲ್ಲಿ. ಇಟಲಿಯಿಂದ ವಲಸೆ ಬಂದ ಬಡ ಕುಟುಂಬ; ಆರು ಮಕ್ಕಳಲ್ಲಿ ಈತನೇ ಹಿರಿಯ. ಎರಡು ವರ್ಷ ತುಂಬುವ ಮೊದಲೇ ನ್ಯುಮೋನಿಯಾ ತಗಲಿ ಸಾವಿನ ದವಡೆಯಿಂದ ಪಾರಾದ ಮಗು. ತಂದೆ ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಸೇವಿಸಿ ಬಂದವರು. ಹಾಗಿದ್ದೂ ಬೂಟು ಕಾರ್ಖಾನೆಯಲ್ಲಿ ದುಡಿದು ಮನೆ ನಡೆಸಿದರು. ಮಗ ಶಾಲೆಯನ್ನು ಅರ್ಧಕ್ಕೆ ಬಿಟ್ಟು ಕೂಲಿನಾಲಿ ಮಾಡಿದ. ಬೇಸ್‌ಬಾಲ್ ಆಟಗಾರನಾಗುವ ಕನಸು ಹೊತ್ತು 1947ರಲ್ಲಿ ಪರೀಕ್ಷೆಗೆ ಹೋದರೆ, ಚೆಂಡೆಸೆಯುವ ಶಕ್ತಿ ಸಾಲದೆಂದು ವಾಪಸ್ ಕಳುಹಿಸಿದರು.

ಬಾಕ್ಸಿಂಗ್‌ಗೂ ಆ ಶರೀರ ಹೇಳಿ ಮಾಡಿಸಿದ್ದಾಗಿರಲಿಲ್ಲ. ಹೆವಿವೇಯ್ಟ್ ವರ್ಗಕ್ಕೆ ಆತ ಗಿಡ್ಡ, ತೋಳುಗಳು ಇನ್ನೂ ಗಿಡ್ಡ. ಗುದ್ದಬೇಕಾದರೆ ಎದುರಾಳಿಯ ಮೈಗೆ ಅಂಟಿಕೊಂಡಂತೆ ಹೋಗಬೇಕು, ಹೋಗುವಾಗ ನಾಲ್ಕು ಏಟು ತಿನ್ನಬೇಕು. ತರಬೇತುದಾರ ಚಾರ್ಲಿ ಗೋಲ್ಡ್‌ಮನ್ ಈ ಕೊರತೆಯನ್ನು ಮುಚ್ಚಿಡಲು ಹೋಗಲಿಲ್ಲ. ಇನ್ನಷ್ಟು ಬಗ್ಗಿ ಆಡುವುದನ್ನೇ ಕಲಿಸಿದರು. ಉಳಿದದ್ದನ್ನು ಮಾರ್ಸಿಯಾನೋ ತನ್ನ ಬೆವರಿನಿಂದ ಸಂಪಾದಿಸಿದ. ದಿನವೂ ಮೈಲುಗಟ್ಟಲೆ ಓಟ. ಈಜುಕೊಳದಲ್ಲಿ ಕುತ್ತಿಗೆಯ ತನಕ ನೀರಿನಲ್ಲಿ ನಿಂತು ನೀರಿಗೇ ಗುದ್ದುವ ಅಭ್ಯಾಸ. ಪ್ರಶಸ್ತಿಯ ಕಾದಾಟವಿದ್ದರೆ ತಿಂಗಳುಗಳ ಕಾಲ ಮನೆಮಂದಿಯನ್ನು ಬಿಟ್ಟು ಶಿಬಿರದಲ್ಲೇ ವಾಸ. ಊಟ, ನಿದ್ರೆ ಎಲ್ಲಕ್ಕೂ ಕಟ್ಟುನಿಟ್ಟು.

1951ರ ಅಕ್ಟೋಬರ್‌ನಲ್ಲಿ ಎದುರು ನಿಂತದ್ದು ಜೋ ಲೂಯಿಸ್. ಮಾರ್ಸಿಯಾನೋ ಚಿಕ್ಕಂದಿನಿಂದ ಮೆಚ್ಚಿಕೊಂಡಿದ್ದ ವೀರ. ಸರಕಾರದ ತೆರಿಗೆ ಸಾಲ ತೀರಿಸಲು ಆತ 37ರ ವಯಸ್ಸಿನಲ್ಲೂ ರಿಂಗಿಗೆ ಇಳಿಯಬೇಕಾಗಿತ್ತು. ಮಾರ್ಸಿಯಾನೋ 8ನೇ ಸುತ್ತಿನಲ್ಲಿ ಆತನನ್ನು ಹಗ್ಗದಾಚೆಗೆ ಕೆಡವಿದ. ಆಮೇಲೆ ಲೂಯಿಸ್‌ನ ಕೋಣೆಗೆ ಹೋಗಿ ಅತ್ತ. ಆ ಗೆಲುವಿಗಿಂತ ಈ ಕಣ್ಣೀರು ನನಗೆ ದೊಡ್ಡದಾಗಿ ಕಾಣುತ್ತದೆ.

ಇನ್ನು 1952ರ ಸೆಪ್ಟೆಂಬರ್ 23ರ ರಾತ್ರಿಗೆ ಬನ್ನಿ. ಊರು ಫಿಲಡೆಲ್ಫಿಯಾ. ಎದುರಿಗೆ ವಿಶ್ವ ಚಾಂಪಿಯನ್ ಜರ್ಸಿ ಜೋ ವಾಲ್ಕಾಟ್, ವಯಸ್ಸು 38. ಮೊದಲ ಸುತ್ತಿನಲ್ಲೇ ವಾಲ್ಕಾಟ್‌ನ ಎಡಗೈ ಏಟಿಗೆ ಮಾರ್ಸಿಯಾನೋ ನೆಲಕ್ಕುರುಳಿದ. ವೃತ್ತಿ ಜೀವನದಲ್ಲಿ ಆತ ಬಿದ್ದದ್ದು ಅದೇ ಮೊದಲು. ನಡುವೆ ಒಂದೆರಡು ಸುತ್ತು ಕಣ್ಣಿಗೆ ಏನೋ ಸೇರಿ ಎದುರಾಳಿಯೇ ಸರಿಯಾಗಿ ಕಾಣಿಸಲಿಲ್ಲ. 12 ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಆತ ಹಿಂದೆ. ಉಳಿದದ್ದು ಮೂರೇ ಸುತ್ತು. 13ನೆಯದು ಆರಂಭವಾಗಿ ಅರ್ಧ ನಿಮಿಷ ಕಳೆದಿತ್ತೋ ಇಲ್ಲವೋ, ಗೇಣುದ್ದ ದೂರದಿಂದ ಬಲಗೈಯ ಒಂದೇ ಗುದ್ದು. ವಾಲ್ಕಾಟ್ ಹಗ್ಗಕ್ಕೆ ತೋಳು ಸಿಕ್ಕಿಸಿಕೊಂಡು ಕುಸಿದ, ಏಳಲಿಲ್ಲ.

ಅಷ್ಟು ಹೊತ್ತಿನ ಮೇಲೂ ಆ ಕೈಯಲ್ಲಿ ಬಲ ಹೇಗೆ ಉಳಿಯಿತು? ಸುಸ್ತಾದಾಗ ಗುದ್ದಿನ ಬಲ ಕಾಲಿನಿಂದಲೇ ಮೊದಲು ಸೋರಿಹೋಗುತ್ತದೆ. ಕಾಲು ಸೋತರೆ ಕೈ ಬರೀ ತೋಳಿನ ಶಕ್ತಿಯಿಂದ ಬೀಸುತ್ತದೆ, ಅದರಿಂದ ಯಾರೂ ಬೀಳುವುದಿಲ್ಲ. ಮೈಲುಗಟ್ಟಲೆ ಓಡಿದ್ದರ ಫಲ ಇಲ್ಲಿತ್ತು. ಇನ್ನೊಂದು, ಆತ ಎದುರಾಳಿಯ ಮುಖ ಸಿಗದಿದ್ದರೆ ಪಕ್ಕೆಗೆ, ತೋಳಿಗೇ ಗುದ್ದುತ್ತಿದ್ದ. 1953ರಲ್ಲಿ ರೋಲಂಡ್ ಲಾಸ್ಟಾರ್ಜಾ ಹೀಗೆ ತೋಳು ಜಜ್ಜಿಸಿಕೊಂಡು 11ನೇ ಸುತ್ತಿನಲ್ಲಿ ಸೋತ.

ಇಲ್ಲಿ ಒಂದು ಮಾತು. ಮುಖಕ್ಕೆ ಹೊಡೆಯುವುದನ್ನು ಪ್ರವಾದಿವರ್ಯರು(ಸ) ತಡೆದಿರುವುದು ನಿಮಗೆ ಗೊತ್ತಿದೆ. ಮಕ್ಕಳಿಗೆ ಈ ಕಥೆ ಹೇಳುವಾಗ ಅದನ್ನೂ ಹೇಳಿ. 1982ರ ನವೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ ಎಂಬ ಯುವಕ 14ನೇ ಸುತ್ತಿನಲ್ಲಿ ಬಿದ್ದು, ಕೆಲವೇ ದಿನಗಳಲ್ಲಿ ಪ್ರಾಣಬಿಟ್ಟ. ಆ ಬಳಿಕವೇ ಪ್ರಶಸ್ತಿ ಕಾದಾಟಗಳು ಒಂದೊಂದಾಗಿ 12 ಸುತ್ತಿಗೆ ಇಳಿದವು. ದಣಿದ ತಲೆಗೆ ಬೀಳುವ ಪೆಟ್ಟು ಅಷ್ಟು ಅಪಾಯಕಾರಿ.

ಮಾರ್ಸಿಯಾನೋ ಪೂರ್ತಿ 15 ಸುತ್ತು ಆಡಿದ್ದು ಒಮ್ಮೆ ಮಾತ್ರ, 1954ರ ಜೂನ್‌ನಲ್ಲಿ ಎಜರ್ಡ್ ಚಾರ್ಲ್ಸ್ ವಿರುದ್ಧ. 49 ಕಾದಾಟ, 49 ಗೆಲುವು. ಅದರಲ್ಲಿ 43 ಅವಧಿಗೆ ಮೊದಲೇ ಮುಗಿದವು. 1956ರ ಏಪ್ರಿಲ್‌ನಲ್ಲಿ, ಇನ್ನೂ 32ರ ಪ್ರಾಯದಲ್ಲಿ, ಹೆಂಡತಿ ಮಗಳೊಂದಿಗೆ ಇರಬೇಕೆಂದು ಕೈಗವಸು ಕಳಚಿಟ್ಟ. ಆದರೆ ಊರೂರು ಸುತ್ತುವುದು ನಿಲ್ಲಲಿಲ್ಲ. ಶರೀರದ ವಿಷಯದಲ್ಲಿ ಅಷ್ಟು ಲೆಕ್ಕವಿಟ್ಟವನು ಹಣದ ಲೆಕ್ಕವನ್ನು ಮನೆಯವರಿಗೂ ಬಿಟ್ಟುಕೊಡಲಿಲ್ಲ. ಬ್ಯಾಂಕಿನ ಮೇಲೆ ನಂಬಿಕೆಯಿಲ್ಲದೆ ಎಲ್ಲೆಲ್ಲೋ ನಗದು ಅಡಗಿಸಿಟ್ಟ. ಆತನ ನಂತರ ಹೆಂಡತಿ ಮಕ್ಕಳು ಹುಡುಕಿದರೂ ಆ ಹಣ ಸಿಗಲಿಲ್ಲ.

1969ರಲ್ಲಿ, ಕಂಪ್ಯೂಟರ್ ಲೆಕ್ಕಾಚಾರದ ಕಾಲ್ಪನಿಕ ಕಾದಾಟವೊಂದಕ್ಕಾಗಿ ಮುಹಮ್ಮದ್ ಅಲಿಯೊಂದಿಗೆ ಕ್ಯಾಮರಾ ಮುಂದೆ ನಿಂತ. ಅದಕ್ಕಾಗಿ ಬೊಜ್ಜು ಇಳಿಸಿದ. ಅದೇ ವರ್ಷ ಆಗಸ್ಟ್ 31ರಂದು, 46 ತುಂಬಲು ಒಂದು ದಿನವಿರುವಾಗ, ಐಯೋವಾದಲ್ಲಿ ಸಣ್ಣ ವಿಮಾನವೊಂದು ಬಿದ್ದು ಆತ ತೀರಿಕೊಂಡ. ಚಿತ್ರ 1970ರ ಜನವರಿಯಲ್ಲಿ ತೆರೆಕಂಡಿತು. ಅಮೆರಿಕದ ಪ್ರೇಕ್ಷಕರು ಕಂಡ ಆ ಚಿತ್ರದಲ್ಲಿ ಮಾರ್ಸಿಯಾನೋ ಅಲಿಯನ್ನು ಕೆಡವಿದ್ದ, ಅದೂ 13ನೇ ಸುತ್ತಿನಲ್ಲಿ.